ಶೇಂಗಾ ಎಣ್ಣೆಯ ಹೊಳೆ

ಹೋದ ವಾರ ನಮ್ಮ ಮುಂಬಾಗಿಲಿಗೆ ಬಣ್ಣ ಹಚ್ಚುವವನು ಬಂದಿದ್ದ. ಅಂಗಳದಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದು, ಬಣ್ಣ ತೆಳ್ಳಗಾಗಲೆಂದು ಟರ್ಪೆಂಟೈನ್ ಸುರಿದ. ಆ ವಾಸನೆ ಅಡುಗೆಮನೆಯವರೆಗೂ ಬಂತು. ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಕೈ ನಿಂತುಬಿಟ್ಟಿತು. ನನ್ನ ಕಣ್ಣಲ್ಲಿ ನೀರು ಕಂಡು ನಿಮ್ಮವ್ವ, "ಉಳ್ಳಾಗಡ್ಡಿ ಖಾರ ಅದಾವೇನ್ರಿ ಅತ್ತಿ?" ಎಂದಳು. "ಹೂಂ, ಭಾಳ ಖಾರ" ಎಂದೆ.

ಆ ವಾಸನೆ ಬಂದರೆ ನನಗೆ ಬಾಗಿಲು ಕಾಣುವುದಿಲ್ಲ, ಹೊಳೆ ಕಾಣುತ್ತದೆ.

ಅದೇ ಸಂಜೆ ಚಿನ್ನು, ನೀನು ದೇವರ ಮನೆಯ ಪಕ್ಕದ ಗೋಡೆಯ ಮುಂದೆ ನಿಂತು ಕೇಳಿದೆ. "ಅಜ್ಜೀ, ಎಲ್ಲಾ ಫೋಟೋಕ್ಕೂ ಗಾಜು ಐತಿ, ಈ ಹೊಳಿ ಚಿತ್ರಕ್ಕ ಯಾಕ ಇಲ್ಲ? ಕೆಳಗ ಈ ಬೆರಳಿನ ಗುರುತು ಯಾರದು?" ನಾನು ನಕ್ಕು ಸುಮ್ಮನಾದೆ. ಅದನ್ನು ಬರೆದಾಗ ನೀನು ಇನ್ನೂ ತೊದಲು ಮಾತಾಡುವ ಕೂಸು, ನಿನಗೆ ನೆನಪಿರಲಿಕ್ಕಿಲ್ಲ. ಅಕ್ಷತಾ, ನಿನಗೆ ನೆನಪಿದೆ, ಆದರೆ ನೀನು ಗಂಗಾವತಿಯ ಹಾಸ್ಟೆಲ್ಲಿನಲ್ಲಿದ್ದೀ. ಅದಕ್ಕೇ ಮೊಮ್ಮಕ್ಕಳಿಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಾಲ್ಕು ಮಂದಿಯ ಮುಂದೆ ಮಾತಾಡಲು ನನಗೆ ಎಂದೂ ಆಗಿಲ್ಲ. ಹಾಳೆಯ ಮುಂದೆ ಕೂತರೆ ಯಾರೂ ಮುಖ ನೋಡುವುದಿಲ್ಲ. ನನ್ನದು ಊರ ಸಾಲೆಯ ಓದು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಆ ಚಿತ್ರ ಬರೆದ ವರ್ಷದ ಮಳೆಗಾಲಕ್ಕೆ ನಿಮ್ಮಜ್ಜ ತೀರಿಕೊಂಡು ಒಂದು ವರ್ಷ ದಾಟಿತ್ತು. ಅವರು ಇರುವವರೆಗೆ ನಾವಿದ್ದದ್ದು ಹುಲಿಗಿಯಿಂದ ಕೆಳಗೆ, ಹೊಳೆ ದಂಡೆಯ ಊರಿನಲ್ಲಿ. ದಂಡೆಗೆ ಹತ್ತಿಯೇ ನಮ್ಮ ಗದ್ದೆ. ನಿಮ್ಮಜ್ಜ ಹೊಳೆಗೆ ಮೋಟಾರು ಇಟ್ಟು ನೀರೆತ್ತಿ ಭತ್ತ ಬೆಳೆಯುತ್ತಿದ್ದರು. ಅವರು ಹೋದ ಮೇಲೆ ಗದ್ದೆಯನ್ನು ನಿಮ್ಮ ಸಣ್ಣಜ್ಜ, ಎಂದರೆ ನನ್ನ ಮೈದುನ, ನೋಡಿಕೊಂಡ. ನಿಮ್ಮಪ್ಪ ನನ್ನನ್ನು ಗಿಣಿಗೇರಿಗೆ ಕರೆತಂದ. ಅವನ ಕೆಲಸ ಇಲ್ಲಿಯ ಕಾರ್ಖಾನೆಯಲ್ಲಿ, ನಿಮ್ಮವ್ವನದು ಅಂಗನವಾಡಿಯಲ್ಲಿ. ಇಬ್ಬರೂ ನನ್ನನ್ನು ಚೆನ್ನಾಗಿ ನೋಡಿಕೊಂಡರು. ಈಗಲೂ ನೋಡಿಕೊಳ್ಳುತ್ತಾರೆ. ಆದರೆ ಹುಟ್ಟಿದಾಗಿನಿಂದ ಕೆಸರಿನಲ್ಲಿದ್ದ ಕೈಗೆ ಇಲ್ಲಿ ಕೆಲಸವಿರಲಿಲ್ಲ. ಬೆಳಿಗ್ಗೆ ಎದ್ದು ಕಟ್ಟೆಯ ಮೇಲೆ ಬಿದ್ದ ಕಾರ್ಖಾನೆಯ ಕರಿ ಧೂಳು ಗುಡಿಸಿ ನೀರು ಹಾಕುತ್ತಿದ್ದೆ. ರಂಗೋಲಿ ಡಬ್ಬಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಬೇಡವೆಂದು ಯಾರೂ ಹೇಳಿರಲಿಲ್ಲ, ನಿಮ್ಮಜ್ಜ ಹೋದ ಮೇಲೆ ನಾನಾಗಿ ಬಿಟ್ಟಿದ್ದೆ. ನಿಮ್ಮವ್ವ ಕೆಲಸದ ಅವಸರದಲ್ಲಿ ಹೊಸ್ತಿಲಿಗೆ ರಂಗೋಲಿಯ ಸ್ಟಿಕ್ಕರ್ ಅಂಟಿಸಿದ್ದಳು. ದಿನಾ ಅದನ್ನೇ ಒರೆಸುತ್ತಿದ್ದೆ.

ಅಕ್ಷತಾಳಿಗೆ ಚಿತ್ರ ಬರೆಯುವ ಹುಚ್ಚು. ಕೊಪ್ಪಳದಲ್ಲಿ ಮೆಹರುನ್ನೀಸಾ ಎಂಬ ಅಕ್ಕೋರು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಭಾನುವಾರ ತಮ್ಮ ಮನೆಯಲ್ಲೇ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ನಿಮ್ಮಪ್ಪನಿಗೆ ಪಾಳಿ, ನಿಮ್ಮವ್ವನ ಕಂಕುಳಲ್ಲಿ ಚಿನ್ನು. ಬಸ್ಸಿನಲ್ಲಿ ಹುಡುಗಿಯನ್ನು ಕರೆದುಕೊಂಡು ಹೋಗಿ ಬರುವ ಕೆಲಸ ನನಗೆ ಬಂತು. ಮೊದಲ ದಿನ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಅಂಟಿ ಕೂತೆ. ಎರಡನೆಯ ಭಾನುವಾರ ಚೀಲದಲ್ಲಿ ಮೆಂತೆ ಸೊಪ್ಪು ಒಯ್ದು ಸೋಸುತ್ತ ಕೂತೆ. ಅಕ್ಕೋರು ಸ್ವಲ್ಪ ಹೊತ್ತು ನೋಡಿದರು.

"ಏನ್ರಿ ಅಮ್ಮಾರ, ಮೆಂತೆ ಸೋಸಾಕ ನಿಮ್ಮ ಮನ್ಯಾಗ ಜಾಗ ಇಲ್ಲೇನ್ರಿ?"

"ಐತ್ರಿ ಅಕ್ಕೋರ. ಕೈ ಖಾಲಿ ಇದ್ರ ಬ್ಯಾಸರ ಆಗತೈತ್ರಿ."

"ಹಂಗಾರ ಇದನ್ನ ಹಿಡ್ಕೋರ್ರಿ" ಎಂದು ನನ್ನ ಕೈಗೆ ಒಂದು ಬ್ರಶ್ ಕೊಟ್ಟರು.

"ಅಯ್ಯ, ನಂಗ ಬರಂಗಿಲ್ರಿ."

"ನನಗೂ ಹುಟ್ಟಿದ ದಿನ ಬರತಿರಲಿಲ್ರಿ. ಕುಂದರ್ರಿ ಸುಮ್ನ."

ಮಕ್ಕಳು ನಕ್ಕರು. ಅಕ್ಷತಾ, ನೀನು ನನ್ನ ಕಡೆ ನೋಡದೆ ನಿನ್ನ ಹಾಳೆಯ ಮೇಲೆ ಬಗ್ಗಿದೆ. ಗೆಳತಿಯರ ಮುಂದೆ ಅಜ್ಜಿ ಹೀಗೆ ಕೂತದ್ದು ನಿನಗೆ ನಾಚಿಕೆಯಾಗಿತ್ತು. ನನಗೂ ಆಗಿತ್ತು. ಸೆರಗು ಎಳೆದುಕೊಂಡು, ಏನು ಬರೆಯಲಿ ಎಂದು ಕೇಳಿದೆ. "ಯಾವುದು ನಿಮ್ಮ ಕಣ್ಣ ಮುಂದ ದಿನಾ ಇತ್ತೋ ಅದನ್ನ" ಎಂದರು. ಹೊಳೆ ಬರೆದೆ. ಎಂದರೆ, ನನಗೆ ಗೊತ್ತಿದ್ದ ರೀತಿಯಲ್ಲಿ ಬರೆದೆ. ಮೊದಲು ಚುಕ್ಕಿ ಇಟ್ಟು, ಚುಕ್ಕಿ ಸುತ್ತಿ ಎರಡು ಗೆರೆ ಎಳೆದು, ರಂಗೋಲಿಯ ಗೆರೆಯನ್ನು ಬಿಚ್ಚಿ ಬಿಡಬಾರದೆಂದು ಎರಡೂ ತುದಿ ಸೇರಿಸಿ ಮುಚ್ಚಿ, ಒಳಗೆ ಎರಡು ಮೀನು ಬಿಟ್ಟೆ.

ಅಕ್ಕೋರು ಹಾಳೆಯನ್ನು ಎತ್ತಿ ಹಿಡಿದರು. "ಮೀನ ಛಲೋ ಅದಾವ್ರಿ. ಇದು ಹೊಳಿನೋ ಬಾವಿನೋ?"

"ಹೊಳಿರಿ."

"ಎರಡೂ ಕಡೆ ಮುಚ್ಚೀರಲ್ಲ ಅಮ್ಮಾರ, ನೀರು ಎಲ್ಲಿಂದ ಬರಬೇಕ್ರಿ?"

ಈ ಸಲ ಅಕ್ಷತಾ, ನೀನೂ ನಕ್ಕೆ. ನನಗೂ ತಡೆಯಲಾಗಲಿಲ್ಲ, ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕೆ. ಒಂದು ವರ್ಷದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಆ ದಿನ ಅವರು ಒಂದು ದೊಡ್ಡ ಪುಸ್ತಕ ತೆಗೆದು ಒಂದು ಹೊಳೆಯ ಚಿತ್ರ ತೋರಿಸಿದರು. ಫ್ರಾನ್ಸ್ ದೇಶದಲ್ಲಿ ಒಂದು ಕಾಲಕ್ಕೆ ಕೆಲವರು ಮನೆಯೊಳಗೆ ಕೂತು ಬರೆಯುವುದನ್ನು ಬಿಟ್ಟು, ಬಣ್ಣದ ಪೆಟ್ಟಿಗೆ ಹೊತ್ತು ಹೊಳೆ ದಂಡೆಗೇ ಹೋಗಿ ಕೂತರಂತೆ. ಅವರು ಗಿಡ ಬರೆಯಲಿಲ್ಲ, ನೀರು ಬರೆಯಲಿಲ್ಲ, ಅದರ ಮೇಲೆ ಆ ಹೊತ್ತಿಗೆ ಬಿದ್ದ ಬೆಳಕನ್ನು ಬರೆದರಂತೆ. ನನಗೆ ಕಂಡದ್ದು ಬರೀ ಬಣ್ಣದ ಹೆಂಟೆಗಳು. "ಇದಿನ್ನೂ ಮುಗಿದಿಲ್ಲಲ್ರಿ" ಎಂದೆ. ಅವರು ನನ್ನ ಭುಜ ಹಿಡಿದು ಬಾಗಿಲವರೆಗೆ ಹಿಂದಕ್ಕೆ ನಡೆಸಿಕೊಂಡು ಹೋಗಿ, "ಈಗ ಕಣ್ಣು ಸಣ್ಣ ಮಾಡಿ ನೋಡ್ರಿ" ಎಂದರು. ನೋಡಿದೆ. ಹೆಂಟೆಗಳು ಕೂಡಿಕೊಂಡವು. ನೀರು ಅಲುಗಿತು. ನಾನು ಹೊಸ್ತಿಲ ಮೇಲೆ ಹಾಗೇ ನಿಂತೆ.

ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ತಲೆಯಲ್ಲಿ ಒಂದೇ ಮಾತು. ಅದನ್ನು ಹೇಳಬೇಕೆಂದರೆ ನಿಮ್ಮಜ್ಜನ ಫೋಟೋದ ಸಂಗತಿ ಹೇಳಬೇಕು. ಗೋಡೆಯ ಮೇಲಿರುವುದು ಯಾವುದೋ ಕಾರ್ಡಿಗೆಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಕುತ್ತಿಗೆಯವರೆಗೆ ಗುಂಡಿ ಹಾಕಿ, ಕಚೇರಿಯಲ್ಲಿ ಸಾಹೇಬರಿಗೆ ಕಾಯುತ್ತ ನಿಂತವರಂತೆ ಕಾಣುತ್ತಾರೆ. ಹಿಂದಿನ ವರ್ಷ ಮಹಾನವಮಿ ಅಮಾವಾಸ್ಯೆಗೆ, ಹಿರಿಯರ ಹಬ್ಬದ ದಿನ, ಆ ಫೋಟೋದ ಮುಂದೆ ಎಡೆ ಇಟ್ಟಾಗ ನನಗೆ ಅನ್ನಿಸಿತ್ತು: ಈ ಮನುಷ್ಯ ಇಲ್ಲಿ ಉಣ್ಣುವುದಿಲ್ಲ. ಅವರು ಉಂಡದ್ದೆಲ್ಲ ಹೊಳೆ ದಂಡೆಯಲ್ಲಿ, ಅರ್ಧ ಕಾಲು ನೀರಿನಲ್ಲಿಟ್ಟು, ಅಂಗೈ ಮೇಲೆ ಸಜ್ಜೆ ರೊಟ್ಟಿ ಇಟ್ಟುಕೊಂಡು. ಹಿರಿಯರ ಹಬ್ಬದಲ್ಲಿ, ತೀರಿಹೋದವರಿಗೆ ಏನು ಪ್ರೀತಿಯೋ ಅದನ್ನು ಇಡಬೇಕು. ಕಡುಬು ಇಟ್ಟಿದ್ದೆವು, ಹೊಸ ಧೋತರ ಇಟ್ಟಿದ್ದೆವು. ಹೊಳೆ ಇಟ್ಟಿರಲಿಲ್ಲ.

ಈ ಸಲದ ಅಮಾವಾಸ್ಯೆಗೆ ಅವರ ಮುಂದೆ ಹೊಳೆ ಇಡಬೇಕು ಎಂದುಕೊಂಡೆ. ಇದಾದರೆ ನನ್ನ ಕೈ ಇನ್ನೂ ಒಂದು ಕೆಲಸಕ್ಕೆ ಬರುತ್ತದೆ ಎಂದು ನನಗೇ ಗೊತ್ತಾಗುತ್ತಿತ್ತು. ಆಗದಿದ್ದರೆ ಮೂಲೆಯಲ್ಲಿ ಮೆಂತೆ ಸೋಸುವುದು ಇದ್ದೇ ಇತ್ತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಕ್ಕೋರಿಗೆ ಹೇಳಿದೆ. ಅವರು ನಗಲಿಲ್ಲ. ಒಳಗೆ ಹೋಗಿ ಬಿಳಿ ಬಟ್ಟೆ ಬಿಗಿದ ಒಂದು ಕ್ಯಾನ್ವಾಸ್ ತಂದು ನನ್ನ ಮುಂದೆ ಇಟ್ಟರು. "ಎಣ್ಣಿ ಬಣ್ಣದಾಗ ಮಾಡ್ರಿ. ಸಾವಕಾಶ ಮಾಡಾಕ ಬರತೈತಿ" ಎಂದರು.

ಶ್ರಾವಣದಲ್ಲಿ ಡ್ಯಾಮಿನ ಗೇಟು ಎತ್ತಿದರು. ಹುಲಿಗೆಮ್ಮನ ಗುಡಿಗೆ ಜನ ಸೇರುವ ಮಂಗಳವಾರ, ಶುಕ್ರವಾರ ಬಿಟ್ಟು ಒಂದು ದಿನ ಅಕ್ಕೋರು, ಅಕ್ಷತಾ ಮತ್ತು ನಾನು ಹೊರಟೆವು. ಊರಲ್ಲಿ ಒಂದು ಆಟೋ ಮೈಕ್ ಕಟ್ಟಿಕೊಂಡು, ಹೊಳೆಗೆ ಯಾರೂ ಇಳಿಯಬೇಡಿರೆಂದು ಕೂಗುತ್ತ ತಿರುಗುತ್ತಿತ್ತು. ನಮ್ಮ ಗದ್ದೆಯ ಕೆಳಗೆ ನಿಮ್ಮ ಸಣ್ಣಜ್ಜ ಮತ್ತು ಅಕ್ಕಪಕ್ಕದ ಗದ್ದೆಯವರು ಹಗ್ಗ ಕಟ್ಟಿ ಮೋಟಾರುಗಳನ್ನು ಮೇಲಕ್ಕೆ ಎಳೆಯುತ್ತಿದ್ದರು. ಪ್ರತಿ ಮಳೆಗಾಲದ ಕೆಲಸ ಅದು. ನಿಮ್ಮಜ್ಜ ಮೋಟಾರು ಇಡುತ್ತಿದ್ದ ಚಪ್ಪಟೆ ಕಲ್ಲು ಆಗಲೇ ಮುಳುಗಿತ್ತು. ಅದರ ಮೇಲೆ ನೀರು ಒಂದು ಸುತ್ತು ತಿರುಗಿ ಮುಂದೆ ಹೋಗುತ್ತಿತ್ತು.

ನಾವು ಎತ್ತರದ ಬದುವಿನ ಮೇಲೆ ಬೇವಿನ ನೆರಳಿನಲ್ಲಿ ಕೂತೆವು. ಕ್ಯಾನ್ವಾಸ್ ನಿಲ್ಲಿಸುವಷ್ಟರಲ್ಲಿ ನನ್ನ ನೆಗೆಣ್ಣಿ ಯಲ್ಲವ್ವ, ನಿಮ್ಮ ಸಣ್ಣಜ್ಜಿ, ಕುಡುಗೋಲು ಹಿಡಿದು ಬಂದಳು. ಅವಳ ಬಾಯಿ ನಿಮಗೆ ಗೊತ್ತೇ ಇದೆ.

"ಏನಕ್ಕಾ, ಬಣ್ಣಾ ಹಚ್ಚಾಕ ಕುಂತೀಯಂತ. ಹಚ್ಚೋ ವಯಸ್ಸಿನಾಗ ಹಣಿಗೆ ಕುಂಕುಮ ನೆಟ್ಟಗ ಇಟ್ಕೊಳ್ಳಾಕ ಹೊತ್ತಿರಲಿಲ್ಲ ನಿಂಗ. ಈಗ ಬಿಡುವಾತೇನು?"

ನನ್ನ ಕೈಯಿಂದ ಬ್ರಶ್ ಜಾರಿತು. ಅಕ್ಕೋರು ಅದನ್ನು ಎತ್ತಿಕೊಂಡು, "ನಿಮಗೂ ಒಂದು ಕೊಡ್ಲೇನ್ರಿ ತಂಗ್ಯಾರ?" ಎಂದರು.

"ನನಗ ಹುಲ್ಲು ಕೊಯ್ಯಾಕ ಹೊತ್ತಿಲ್ರಿ ಬಾಯಾರ" ಎಂದಳು ಯಲ್ಲವ್ವ. ಹೊತ್ತಿಲ್ಲವೆಂದವಳು ಬೇವಿಗೆ ಒರಗಿ ಅಲ್ಲೇ ನಿಂತಳು.

ಆ ದಿನ ಕಲಿತದ್ದನ್ನು ಹೇಳುತ್ತೇನೆ. ಹೊಳೆ ಕೆಂಪು ಕಂದು ಬಣ್ಣದ್ದು ಎಂದು ನಾನು ಅದೊಂದೇ ಬಣ್ಣ ಕಲಸಿದೆ. ಅಕ್ಕೋರು, "ನೋಡಿ ಹೇಳ್ರಿ, ಗೊತ್ತಿದ್ದದ್ದು ಹೇಳಬ್ಯಾಡ್ರಿ" ಎಂದರು. ಕಣ್ಣು ಸಣ್ಣ ಮಾಡಿದೆ. ನಡುವೆ ಬೆಲ್ಲದ ಪಾಕದ ಬಣ್ಣ. ಆಚೆ ದಂಡೆಯ ಕೆಳಗೆ, ನೆರಳು ಬಿದ್ದಲ್ಲಿ, ಬದನೆಕಾಯಿಯ ಬಣ್ಣ. ಮೋಡದ ಬೆಳಕು ಬಿದ್ದಲ್ಲಿ ಪಾರಿವಾಳದ ಕುತ್ತಿಗೆಯ ಹಾಗೆ. ಒಂದೊಂದನ್ನೂ ನಾನು ಹೀಗೆಯೇ ಹೇಳಿದೆ, ಅವರು ಹಲಗೆಯ ಮೇಲೆ ಅದಕ್ಕೆ ಯಾವ ಎರಡು ಬಣ್ಣ ಕೂಡಬೇಕೆಂದು ತೋರಿಸಿದರು. ನೆರಳಿಗೆ ಕಪ್ಪು ಕೇಳಿದೆ. "ನನ್ನ ಪೆಟಿಗ್ಯಾಗ ಕಪ್ಪು ಇಲ್ರಿ" ಎಂದರು.

"ನಮ್ಮ ಮನಿ ಕಟ್ಟಿ ಮ್ಯಾಲ ಬೇಕಾದಷ್ಟು ಐತ್ರಿ ಅಕ್ಕೋರ, ನಾಳೆ ತರತೀನಿ."

ಬೇವಿನ ಕೆಳಗೆ ನಿಂತ ಯಲ್ಲವ್ವ ಫಕ್ಕನೆ ನಕ್ಕಳು.

ಆದರೆ ನನ್ನ ಕೈ ಮಾತು ಕೇಳುತ್ತಿರಲಿಲ್ಲ. ನೆಲ ಸಾರಿಸಿದ ಕೈ ಅದು. ಬಣ್ಣ ಇಟ್ಟ ಕೂಡಲೇ ಆ ಕಡೆ ಈ ಕಡೆ ಎಳೆದು ನುಣ್ಣಗೆ ಮಾಡುತ್ತಿತ್ತು. ಬೆಲ್ಲ, ಬದನೆ, ಪಾರಿವಾಳ ಎಲ್ಲ ಕೂಡಿ ರಾಡಿಯಾಯಿತು. "ತಿಕ್ಕಬ್ಯಾಡ್ರಿ ಬಸಮ್ಮಾರ. ಇಟ್ಟು ಬಿಡ್ರಿ. ಇಟ್ಟದ್ದನ್ನ ಮತ್ತ ಮುಟ್ಟಬ್ಯಾಡ್ರಿ" ಎಂದು ಅಕ್ಕೋರು ಹೇಳಿ ಹೇಳಿ ಸಾಕಾದರು. ನಾನು ತಲೆ ಎತ್ತಿದೆ. ಎದುರಿನ ಗದ್ದೆಯಲ್ಲಿ ಹೆಂಗಸರು ಸಾಲು ಹಿಡಿದು ಸಸಿ ನಾಟಿ ಮಾಡುತ್ತಿದ್ದರು. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈಯ ಬೆರಳಿಂದ ಒಂದು ಒತ್ತು, ಕೈ ತೆಗೆದು ಹಿಂದಕ್ಕೆ ಒಂದು ಹೆಜ್ಜೆ. ಊರಿದ ಸಸಿಯನ್ನು ಯಾರೂ ತಿರುಗಿ ಮುಟ್ಟುವುದಿಲ್ಲ. ಮುಟ್ಟಿದರೆ ಬೇರು ಸಡಿಲಾಗುತ್ತದೆ. ಊರಿದ ಸಾಲಿನ ಮೇಲೆ ಕಾಲಿಡಬಾರದೆಂದೇ ಹಿಂದೆ ಹಿಂದೆ ನಡೆಯುವುದು. ನನ್ನ ವಯಸ್ಸೆಲ್ಲ ನಾನು ಮಾಡಿದ್ದು ಅದೇ ಕೆಲಸ.

ಬ್ರಶ್ಶನ್ನು ಪೆನ್ನಿನಂತೆ ಹಿಡಿದಿದ್ದವಳು ಸಸಿಯಂತೆ ಹಿಡಿದೆ. ಬಣ್ಣ ತೆಗೆದುಕೊಂಡು ಒಂದು ಒತ್ತು, ಬಿಟ್ಟೆ. ಅದರ ಪಕ್ಕ ಇನ್ನೊಂದು, ಬಿಟ್ಟೆ. ಮೇಲಿನ ಆಕಾಶದಿಂದ ಶುರುಮಾಡಿ ಕೆಳಗೆ ಕೆಳಗೆ ಬಂದೆ. ಅಕ್ಕೋರು ಹಲಗೆಯ ಮೇಲೆ ಮುಂದಿನ ಬಣ್ಣ ಕಲಸತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಯಲ್ಲವ್ವನ ದನಿ ಬಂತು. "ಸಾಲು ಸೊಟ್ಟ ಆಗೇತಿ ನೋಡಕ್ಕಾ." ಅದು ಅವಳ ಮೆಚ್ಚುಗೆ ಎಂದು ಗೊತ್ತಾಗಲು ನನಗೆ ಒಂದು ಗಳಿಗೆ ಬೇಕಾಯಿತು.

ಆಕಾಶ ಮತ್ತು ಆಚೆ ದಂಡೆ ಆ ತಿಂಗಳಲ್ಲೇ ಆದವು. ಹೊಳೆಯನ್ನು ಅಕ್ಕೋರು ಬೇಕೆಂದೇ ಕೊನೆಗೆ ಇಡಿಸಿದರು. ನೀರು ಇನ್ನಷ್ಟು ತಿಳಿಯಾಗಲಿ ಎಂದರು. ಅಷ್ಟರಲ್ಲಿ ಅವರ ಮಗಳಿಗೆ ಹೆರಿಗೆ ಹತ್ತಿರವಾಗಿ ಅವರು ರಾಯಚೂರಿಗೆ ಹೋದರು. ಹೋಗುವಾಗ ಬಣ್ಣದ ಟ್ಯೂಬುಗಳನ್ನೂ, ಟರ್ಪೆಂಟೈನನ್ನೂ, ಬಣ್ಣಕ್ಕೆ ಕಲಸಲು ಒಂದು ಸಣ್ಣ ಸೀಸೆ ಎಣ್ಣೆಯನ್ನೂ ನನ್ನ ಚೀಲಕ್ಕೆ ಹಾಕಿದರು. ಸೀಸೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಅಕ್ಕೋರು ಅದನ್ನು ಲಿನ್‌ಸೀಡ್ ಎನ್ನುತ್ತಿದ್ದರು. ಪೇಟೆಯ ಯಾವುದೋ ಔಷಧದೆಣ್ಣೆ ಎಂದುಕೊಂಡಿದ್ದೆ.

ಭಾದ್ರಪದದಲ್ಲಿ ಮಳೆ ಹಿಂದೆ ಸರಿದು ಬಿಸಿಲು ಬಂತು. ಒಂದು ಬೆಳಿಗ್ಗೆ ಎದ್ದವಳೇ ನಿಮ್ಮವ್ವನಿಗೆ, "ನಾ ಹೊಳಿಗೆ ಹೋಗಿ ಬರತೀನಿ" ಎಂದೆ. "ಯಾರ ಜೋಡಿ ಅತ್ತಿ?" ಎಂದಳು. "ಒಬ್ಬಾಕಿನ." ನಾನು ಒಬ್ಬಳೇ ಬಸ್ಸು ಹತ್ತಿದವಳಲ್ಲ. ನಿಮ್ಮವ್ವ ನನ್ನನ್ನೇ ನೋಡಿದಳು, ಮತ್ತೇನೂ ಕೇಳದೆ ರೊಟ್ಟಿ ಕಟ್ಟಿಕೊಟ್ಟಳು. ಆ ಹುಡುಗಿಯ ಋಣ ನನ್ನ ಮೇಲೆ ಬಹಳ ಇದೆ.

ಹೊರಡುವಾಗ ನೋಡಿದರೆ ಸೀಸೆ ಚೀಲದಲ್ಲೇ ಉರುಳಿ ಖಾಲಿಯಾಗಿತ್ತು. ಎಣ್ಣೆಯೇ ತಾನೇ ಎಂದು, ಗಾಣದಿಂದ ಹೊಸದಾಗಿ ತಂದಿದ್ದ ಶೇಂಗಾ ಎಣ್ಣೆಯನ್ನು ಅದೇ ಸೀಸೆಗೆ ತುಂಬಿಕೊಂಡೆ.

ಆ ಬೆಳಗಿನ ಹೊಳೆಯನ್ನು ನಾನು ಮರೆಯುವುದಿಲ್ಲ. ಕೆಂಪು ಇಳಿದು ನೀರು ಹಸಿರಾಗಿತ್ತು, ಹಸಿರಿನ ಮೇಲೆ ಆಕಾಶ ಚೂರು ಚೂರಾಗಿ ಬಿದ್ದಿತ್ತು. ಶೇಂಗಾ ಎಣ್ಣೆ ಕಲಸಿದ ಬಣ್ಣ ಬೆಣ್ಣೆಯ ಹಾಗೆ ಬಂತು. ಒಂದು ಒತ್ತು, ಬಿಟ್ಟೆ. ಒಂದು ಒತ್ತು, ಬಿಟ್ಟೆ. ಬಿಸಿಲು ನೆತ್ತಿಗೆ ಏರುವ ಹೊತ್ತಿಗೆ ಇಡೀ ಹೊಳೆ ಬಟ್ಟೆಯ ಮೇಲಿತ್ತು. ಯಲ್ಲವ್ವ ಮಜ್ಜಿಗೆ ತಂದು ಪಕ್ಕದಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಭಾವ ಮೋಟಾರು ಇಡತಿದ್ದ ಕಲ್ಲು ಎಲ್ಲಿ?"

"ನೀರಾಗ ಮುಳುಗೇತಲ್ಲ, ಕಾಣಂಗಿಲ್ಲ."

"ಕಾಣದಿದ್ರ ಏನಾತು, ಅಲ್ಲೇ ಐತಲ್ಲ. ಹಾಕು."

ಚಿತ್ರದ ಕೆಳ ಅಂಚಿನಲ್ಲಿ, ಈಚೆ ದಂಡೆಗೆ ಹತ್ತಿ, ಬದನೆ ಬಣ್ಣದ ಒಂದು ಅಗಲ ಒತ್ತು ಇಟ್ಟೆ. ಅದರ ಮೇಲೆ ನೀರು ತಿರುಗುವಲ್ಲಿ ಸ್ವಲ್ಪ ಬಿಳಿ. ಇಬ್ಬರೂ ಮಜ್ಜಿಗೆ ಕುಡಿದೆವು.

ಹಸಿ ಚಿತ್ರವನ್ನು ಬಸ್ಸಿನಲ್ಲಿ ತರುವುದೇ ಒಂದು ಸಾಹಸ. ಕಂಡಕ್ಟರ್, "ಯಮ್ಮಾ, ನಿನ್ನ ಹೊಳಿ ನನ್ನ ಅಂಗಿಗೆ ಹತ್ತೀತು" ಎಂದು ಮುಂದಿನ ಸೀಟು ಬಿಡಿಸಿಕೊಟ್ಟ.

ಮುಂದೆ ನಡೆದದ್ದು ನಿಮ್ಮಪ್ಪ ಈಗಲೂ ಹೇಳಿ ನಗುತ್ತಾನೆ. ಆಕಾಶ ಒಣಗಿತು, ದಂಡೆ ಒಣಗಿತು, ಹೊಳೆ ಒಣಗಲಿಲ್ಲ. ಬಿಸಿಲಿಗೆ ಇಟ್ಟೆ, ಧೂಳು ಕೂತಿತು. ಒಳಗೆ ತಂದು ಫ್ಯಾನಿನ ಕೆಳಗೆ ಇಟ್ಟೆ, ನೊಣ ಕೂತವು. ಬುಟ್ಟಿ ಮುಚ್ಚಿಟ್ಟೆ. ದಿನಾ ಬೆಳಿಗ್ಗೆ ಬುಟ್ಟಿ ಎತ್ತಿ ಬೆರಳ ತುದಿಯಿಂದ ಅಂಚು ಮುಟ್ಟಿದರೆ ಬೆರಳು ಹಸಿರು. ಹಬ್ಬ ಹತ್ತಿರ ಬಂತು. ಅಷ್ಟೊತ್ತಿಗೆ ಮನೆಯಲ್ಲಿ ಎಲ್ಲರಿಗೂ ಚಿತ್ರ ಏತಕ್ಕೆಂದು ತಿಳಿದಿತ್ತು. ಫ್ಯಾನನ್ನು ಯಾರೂ ಆರಿಸುತ್ತಿರಲಿಲ್ಲ.

ಅಮಾವಾಸ್ಯೆಯ ವಾರದಲ್ಲಿ ಅಕ್ಕೋರು ಮೊಮ್ಮಗನನ್ನು ನೋಡಿ ಬಂದವರು ನಮ್ಮ ಮನೆಗೇ ಬಂದರು. ಚಿತ್ರದ ಮುಂದೆ ನಿಂತು ಎಷ್ಟೋ ಹೊತ್ತು ನೋಡಿದರು. ಆಮೇಲೆ ಹೊಳೆಯನ್ನು ಬೆರಳಿಂದ ಮುಟ್ಟಿ ಮೂಸಿದರು.

"ಬಸಮ್ಮಾರ, ಇದಕ್ಕ ಒಗ್ಗರಣಿ ಕೊಟ್ಟೀರೇನ್ರಿ?"

"ಶೇಂಗಾ ಎಣ್ಣಿರಿ ಅಕ್ಕೋರ. ಗಾಣದ್ದು. ಛಲೋದ ಹಾಕೀನಿ."

ಅವರು ಗೋಡೆ ಹಿಡಿದು ನಕ್ಕರು. ಕಣ್ಣೊರೆಸಿಕೊಂಡು ಹೇಳಿದರು. "ಶೇಂಗಾ ಎಣ್ಣಿ ಒಣಗಂಗಿಲ್ರಿ. ಯಾವತ್ತೂ ಒಣಗಂಗಿಲ್ಲ. ಆ ಸೀಸೆದಾಗ ಇದ್ದದ್ದು ಅಗಸಿ ಎಣ್ಣಿ. ಅದು ಗಾಳಿಗೆ ತಾನ ತೊಗಲು ಕಟ್ಟತೈತಿ."

"ಅಗಸಿ ಅಂದ್ರ ನಾವು ಚಟ್ನಿ ಕುಟ್ಟತೀವಲ್ರಿ, ಆ ಅಗಸಿನ?"

"ಅದರಿ. ತಪ್ಪು ನನ್ನದು, ಕನ್ನಡದಾಗ ಹೇಳಬೇಕಿತ್ತು."

ನಮ್ಮ ಅಡುಗೆಮನೆಯಲ್ಲಿ ಡಬ್ಬಿ ತುಂಬ ಅಗಸೆ ಇತ್ತು. ನಗುವುದೋ ಅಳುವುದೋ ತಿಳಿಯಲಿಲ್ಲ. ಅಕ್ಕೋರು ಚೀಲದಿಂದ ಬಣ್ಣ ಕೆರೆಯುವ ತೆಳು ಚೂರಿ ತೆಗೆದರು. "ಹೊಳಿ ಅಷ್ಟ ಕೆರೆದು ತೆಗದು, ಅಗಸಿ ಎಣ್ಣ್ಯಾಗ ಮತ್ತ ಮಾಡ್ರಿ. ಈ ಅಮಾಸಿಗೆ ಆಗಂಗಿಲ್ಲ. ಮುಂದಿನ ವರ್ಷಕ್ಕ ಗಟ್ಟಿ ಚಿತ್ರ ಆಗತೈತಿ."

ಚೂರಿ ನನ್ನ ಕೈಯಲ್ಲಿತ್ತು. ಅವರು ಕಲಿಸಿದಂತೆ ಬಾಗಿಲವರೆಗೆ ಹಿಂದೆ ನಡೆದು ಕಣ್ಣು ಸಣ್ಣ ಮಾಡಿ ನೋಡಿದೆ. ಆ ಬೆಳಗು ಹಾಗೇ ಇತ್ತು. ಹಸಿರು, ಆಕಾಶದ ಚೂರುಗಳು, ಕಲ್ಲಿನ ಮೇಲೆ ತಿರುಗುವ ನೀರು. ಊರಿದ ಸಸಿ ಕೀಳಲು ಮನಸ್ಸು ಬರಲಿಲ್ಲ. ಚೂರಿಯನ್ನು ಅವರ ಕೈಗೆ ಕೊಟ್ಟೆ.

"ಹಸಿನ ಇರಲ್ರಿ ಅಕ್ಕೋರ. ಅವರು ಹೊಳ್ಯಾಗ ಕಾಲಿಟ್ಟು ಉಂಡವರು."

ಅಕ್ಕೋರು ನನ್ನ ಕೈಯನ್ನು ತಮ್ಮ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದರು. ಹೊರಡುವಾಗ, "ಯಾರೂ ಮುಟ್ಟದಂಗ ನೋಡ್ಕೋರ್ರಿ" ಎಂದರು.

ಹಬ್ಬದ ದಿನ ಸಣ್ಣಜ್ಜ, ಯಲ್ಲವ್ವ ಎಲ್ಲ ಬಂದರು. ಧಾನ್ಯದ ಚೀಲ ಇಡುವ ಒಳಕೋಣೆಯಲ್ಲಿ ಫೋಟೋವನ್ನು ಮಣೆಯ ಮೇಲಿಟ್ಟು, ಅದಕ್ಕೆ ಎದುರಾಗಿ ಚಿತ್ರವನ್ನು ಗೋಡೆಗೆ ಒರಗಿಸಿ ನೆಲದ ಮೇಲೇ ಇಟ್ಟೆ. ನಡುವೆ ಬಾಳೆ ಎಲೆ. ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಅಗಸೆ ಚಟ್ನಿ. ನಿಮ್ಮಪ್ಪ ಊದಿನಕಡ್ಡಿ ಬೆಳಗಿದ, ಎಲ್ಲರೂ ಕೈ ಮುಗಿದೆವು. ಎಡೆ ಇಟ್ಟ ಮೇಲೆ ನಮ್ಮಲ್ಲಿ ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬರುತ್ತೇವೆ. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಯಾರೂ ಒಳಗೆ ಇಣುಕಬಾರದು, ಜೋರಾಗಿ ಮಾತಾಡಬಾರದು. ಹಾಗೇ ಪಡಸಾಲೆಯಲ್ಲಿ ಕೂತೆವು. ನಾನು ನೆಲ ನೋಡುತ್ತಿದ್ದೆ. ಯಾರಾದರೂ ಚಿತ್ರದ ಬಗ್ಗೆ ಏನಾದರೂ ಅಂದಾರು ಎಂದು ಅಂಜಿಕೆ, ಏನೂ ಅನ್ನದಿದ್ದಾರು ಎಂದೂ ಅಂಜಿಕೆ.

ನಿಮ್ಮಪ್ಪ ಬಾಗಿಲು ತೆರೆದ. ಮೊದಲು ಒಳಗೆ ಹೋದವಳು ಯಲ್ಲವ್ವ. ಹೋದವಳು ಹಾಗೇ ನಿಂತಳು.

"ಅಕ್ಕಾ" ಎಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ಅಕ್ಕಾ, ಭಾವ ಬಂದಿದ್ದ."

ಚಿತ್ರದ ಕೆಳ ಅಂಚಿನಲ್ಲಿ, ಮುಳುಗಿದ ಕಲ್ಲಿನ ಮೇಲೆ, ಹಸಿ ಬಣ್ಣದಲ್ಲಿ ಒಂದು ಹೆಬ್ಬೆರಳು ಒತ್ತಿದ ಗುರುತು. ಎಲೆಯ ಮೇಲೆ ಒಂದು ಕಡುಬು ಕಡಿಮೆ. ಸಣ್ಣಜ್ಜ ತಲೆಯ ಮೇಲಿನ ಟವೆಲ್ ತೆಗೆದ. ನಿಮ್ಮಪ್ಪ ಮತ್ತೆ ಕೈ ಮುಗಿದ. ಸುಳ್ಳೇಕೆ ಹೇಳಲಿ, ಆ ಒಂದು ಗಳಿಗೆ ನಾನೂ ನಂಬಿದೆ. ನನ್ನ ಹೊಳೆಗೆ ಅವರು ಬಂದರು, ಕಲ್ಲು ಎಲ್ಲಿದೆ ಎಂದು ಮುಟ್ಟಿ ನೋಡಿದರು ಎಂದು.

ಆಗ ಧಾನ್ಯದ ಚೀಲಗಳ ಹಿಂದಿನಿಂದ ಬಾಯಿ ಚಪ್ಪರಿಸುವ ಸದ್ದು ಬಂತು. ಚಿನ್ನು, ನೀನು ಅಲ್ಲಿ ಕಾಲು ಚಾಚಿ ಕೂತಿದ್ದೆ. ಒಂದು ಕೈಯಲ್ಲಿ ಅರ್ಧ ಕಡುಬು. ಇನ್ನೊಂದು ಕೈಯ ಹೆಬ್ಬೆರಳು ಬದನೆಕಾಯಿಯ ಬಣ್ಣ. ಎಲ್ಲರೂ ಹೊರಗೆ ಬರುವಾಗ ನೀನು ಯಾರ ಕಂಕುಳಲ್ಲೂ ಇಲ್ಲದ್ದನ್ನು ಯಾರೂ ನೋಡಿರಲಿಲ್ಲ.

"ನೀರು" ಎಂದೆ ನೀನು, ಚಿತ್ರದ ಕಡೆ ಹೆಬ್ಬೆರಳು ತೋರಿಸಿ. "ಅಜ್ಜಿ, ನೀರು."

ಮೊದಲು ನಕ್ಕವನು ನಿಮ್ಮಪ್ಪ. ಆಮೇಲೆ ಎಲ್ಲರೂ. ಯಲ್ಲವ್ವ ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಮ್ಮವ್ವ ಹೆದರಿ, ಗುರುತು ಒರೆಸಲು ಬಟ್ಟೆ ಹಿಡಿದು ಬಂದಳು. ಯಲ್ಲವ್ವನೇ ಅವಳ ಕೈ ತಡೆದಳು. "ಬಿಡ, ಮುಟ್ಟಬ್ಯಾಡ. ಹಿರೇರು ತಾವ ಬಂದು ಮುಟ್ಟಿದ್ರೂ ಇಷ್ಟು ನೆಟ್ಟಗ ಕಲ್ಲಿನ ಮ್ಯಾಲ ಇಡತಿರಲಿಲ್ಲ." ನಿನ್ನನ್ನು ಎತ್ತಿಕೊಂಡು ನಿನ್ನ ಬಣ್ಣದ ಬೆರಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಮರುದಿನ ಬೆಳಿಗ್ಗೆ ನಾನು ಹೊಸ್ತಿಲ ಸ್ಟಿಕ್ಕರ್ ಕಿತ್ತು ರಂಗೋಲಿ ಡಬ್ಬಿ ತೆಗೆದೆ.

ಆಮೇಲೆ ನಾನು ಇನ್ನೂ ಚಿತ್ರ ಬರೆದಿದ್ದೇನೆ. ಅಗಸೆ ಎಣ್ಣೆಯಲ್ಲಿ ಬರೆದವು ಎಲ್ಲ ಒಣಗಿ ಗಾಜಿನ ಹಿಂದೆ ಚೆಂದಾಗಿ ಕೂತಿವೆ. ಅಕ್ಕೋರು ಈಗ ಮಗಳ ಮನೆಯಲ್ಲಿದ್ದಾರೆ, ಫೋನಿನಲ್ಲಿ "ಒಗ್ಗರಣಿ ಹೊಳಿ ಹೆಂಗೈತ್ರಿ?" ಎಂದು ಕೇಳುತ್ತಾರೆ. "ಹಂಗ ಐತ್ರಿ" ಎನ್ನುತ್ತೇನೆ. ದಪ್ಪಗೆ ಬಣ್ಣ ಇಟ್ಟ ಕೆಳ ಅಂಚು ಇಂದಿಗೂ ಅಂಟುತ್ತದೆ. ಅದಕ್ಕೇ ಗಾಜಿಲ್ಲ. ಹೋದ ವಾರ ನೀನು ಕೇಳಿ, ಉತ್ತರ ಸಿಗದೆ, ನಿನ್ನ ಹೆಬ್ಬೆರಳನ್ನು ಆ ಗುರುತಿನ ಮೇಲೆ ಇಟ್ಟು ನೋಡಿದೆ. ಹೊಂದಲಿಲ್ಲ. ಬೆರಳು ದೊಡ್ಡದಾಗಿದೆ.

ಈಗ ಪ್ರತಿ ವರ್ಷ ಎಡೆ ಇಟ್ಟು ಬಾಗಿಲು ಮುಚ್ಚುವ ಮುಂಚೆ ನಿಮ್ಮಪ್ಪ ಚೀಲಗಳ ಹಿಂದೆ ನೋಡುತ್ತಾನೆ, ನಿಮ್ಮವ್ವ ಮಂಚದ ಕೆಳಗೆ ನೋಡುತ್ತಾಳೆ, ಯಲ್ಲವ್ವ ಎಲ್ಲರ ತಲೆ ಎಣಿಸುತ್ತಾಳೆ. ಒಳಗೆ ಯಾರಾದರೂ ಉಳಿದಿದ್ದಾರೋ ಎಂದು ನಾನು ಮಾತ್ರ ನೋಡುವುದಿಲ್ಲ.